ಮನೆಯೊಳಗೆ ಬಿದ್ದ ಗ್ರಹಣ

ಚಂದ್ರನ ಮೇಲೆ ಮನುಷ್ಯರು ಇಳಿದ ಸುದ್ದಿ ಬಂದ ವಾರವೇ ನಾನು ಬೆಳ್ತಂಗಡಿಯಿಂದ ಬಸ್ಸು ಹತ್ತಿ ಮೂಡುಬಿದಿರೆಗೆ, ಅಕ್ಕನ ಮನೆಗೆ ಹೊರಟೆ. ಕೈಚೀಲದಲ್ಲಿ ಮಡಚಿದ ಪೇಪರು ಇತ್ತು. ಅದರಲ್ಲಿ ಚಂದ್ರನ ಮೇಲೆ ನಿಂತವನ ಮಸುಕು ಚಿತ್ರ. ಅಕ್ಕನ ಮಗಳು ಪದ್ಮಳಿಗೆ ಇದನ್ನು ಹೇಗೆ ವಿವರಿಸಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದೆ. ಮೊದಲು ಅಲ್ಲಿ ಗಾಳಿ ಇಲ್ಲ ಎಂಬುದನ್ನು ಹೇಳಬೇಕು, ಆಮೇಲೆ ಶಬ್ದದ ವಿಷಯ, ಆಮೇಲೆ ತೂಕದ್ದು.

ಚಪ್ಪಲಿ ಬಿಡುತ್ತಲೇ ಶುರು ಮಾಡಿದೆ. "ಚಂದ್ರನಲ್ಲಿ ಗಾಳಿಯೇ ಇಲ್ಲ, ಗೊತ್ತುಂಟಾ ನಿಂಗೆ?"

"ಗೊತ್ತುಂಟು ಮಾವ. ಹತ್ತಿರ ನಿಂತು ಕೂಗಿದ್ರೂ ಕೇಳುದಿಲ್ಲ. ನಾವು ಅಲ್ಲಿಗೆ ಹೋದ್ರೆ ತೂಕ ಆರರಲ್ಲಿ ಒಂದು ಪಾಲಂತೆ. ಪದ್ಮರಾಜಣ್ಣ ಹೇಳಿದ್ರು."

"ಯಾವಾಗ?"

"ಮೊನ್ನೆಯೇ. ಲಂಗದ ಬಟ್ಟೆ ತರ್ಲಿಕ್ಕೆ ಅಂಗಡಿಗೆ ಹೋಗಿದ್ದೆ ಅಲ್ವಾ? ಗಜಕೋಲು, ಉಂಡೆ ನೂಲು ಎಲ್ಲ ಇಟ್ಟು ತೋರಿಸಿದ್ರು."

ಪೇಪರು ಚೀಲದಲ್ಲೇ ಉಳಿಯಿತು. ನನಗೆ ಮೂವತ್ತಮೂರು ವರ್ಷ, ಹೆಂಡತಿ ಮಕ್ಕಳು ಇದ್ದಾರೆ, ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಉಂಟು. ಆದರೂ ಆ ಹೆಸರು ಕೇಳಿದರೆ ಹೊಟ್ಟೆಯೊಳಗೆ ಯಾರೋ ಒಲೆಗೆ ಸೌದೆ ನೂಕಿದ ಹಾಗೆ ಆಗುತ್ತದೆ. ಹದಿನಾಲ್ಕು ವರ್ಷದಿಂದ ಹೀಗೆಯೇ.

ಆಟಿ, ನಮ್ಮ ಕಡೆಯ ಆಷಾಢ ತಿಂಗಳು. ಹೊರಗೆ ಬಿಡದೆ ಹೊಯ್ಯುತ್ತಿದ್ದ ಮಳೆ ಆಗ ಒಮ್ಮೆ ನಿಂತಿತು, ಮೋಡ ಸರಿಯಿತು. ಮಾಡಿನ ಹೆಂಚಿನ ಸಂದಿನಿಂದ ಒಂದು ಬಿಸಿಲಕೋಲು ಇಳಿದು ಸೆಗಣಿ ಸಾರಿಸಿದ ನೆಲದ ಮೇಲೆ ದುಂಡಗೆ ಬಿತ್ತು. ಬೀಡಿ ಸುತ್ತುತ್ತ ಕುಳಿತಿದ್ದ ಅಕ್ಕ ಕಾಲು ಚಾಚಿ ಆ ಬೆಳಕನ್ನು ಹೆಬ್ಬೆರಳಿನಿಂದ ಮುಟ್ಟಿದಳು. ನನ್ನ ಕಡೆ ನೋಡಿದಳು. ಇಬ್ಬರಿಗೂ ಅದೇ ವರ್ಷ ನೆನಪಾಗಿತ್ತು.

ಐವತ್ತೈದನೆಯ ಇಸವಿ. ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನಾನು ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಫಿಫ್ತ್ ಫಾರ್ಮ್, ಅಂದರೆ ಹತ್ತನೆಯ ತರಗತಿ. ಪ್ರಾಯ ಹತ್ತೊಂಬತ್ತು. ಉಳಿದವರಿಗೆಲ್ಲ ಹದಿನೈದು. ನಾನು ಅಷ್ಟು ಹಿಂದೆ ಬಿದ್ದದ್ದು ಬಂಟ್ವಾಳದಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಲ್ಲಿನ ಬಸ್ಸು ನಿಲ್ಲುವ ಜಾಗದ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದೆ. ಅಕ್ಕ ಗಿರಿಜಾ ಮದುವೆಯಾಗಿ ಮೂಡುಬಿದಿರೆಗೆ ಬಂದವಳು, ಒಂದು ದಿನ ಭಾವನೊಡನೆ ಬಂಟ್ವಾಳಕ್ಕೆ ಬಂದು ನನ್ನನ್ನು ಹೋಟೆಲಿನ ಹಿಂದಿನ ಬಾಗಿಲಿನಿಂದ ಎಬ್ಬಿಸಿಕೊಂಡು ಹೋದಳು. "ನನ್ನ ತಮ್ಮನ ಕೈ ಸಾಬೂನಲ್ಲಿ ಸವೆದದ್ದು ಸಾಕು" ಎಂದು ಧಣಿಗೆ ಹೇಳಿದಳು. ಭಾವ ಬಸ್ಸಿನ ಕಂಡಕ್ಟರ್. ಅಕ್ಕ ಬೀಡಿ ಸುತ್ತುವಳು. ಅವಳು ಸುತ್ತಿದಳು, ನಾನು ಓದಿದೆ. ಅಮ್ಮನೂ ನಮ್ಮ ಜೊತೆಗೇ ಇದ್ದಳು.

ಶಾಲೆಯಲ್ಲಿ ನನ್ನ ಹೆಸರು ಸೇಸಪ್ಪ ಎಂದು ಹಾಜರಿ ಕರೆಯುವಾಗ ಮಾತ್ರ. ಉಳಿದ ಹೊತ್ತು ಎಲ್ಲರಿಗೂ ನಾನು 'ಅಜ್ಜ'. ಮೀಸೆ ಬಂದಿತ್ತು. ಹೊಸದಾಗಿ ಬಂದ ಮಾಸ್ಟರೊಬ್ಬರು ಮೊದಲ ದಿನ ನನ್ನನ್ನು ಕ್ಲಾಸಿನಲ್ಲಿ ಕಂಡು "ನೀವು ಯಾರ ಮನೆಯವರು? ಹುಡುಗನನ್ನು ಕರೀಬೇಕಿತ್ತಾ?" ಎಂದು ವಿನಯದಿಂದ ಕೇಳಿದ್ದರು.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದೆ ಇದ್ದದ್ದು ಪದ್ಮರಾಜನನ್ನು. ಪೇಟೆಯ ಜವಳಿ ಅಂಗಡಿಯವರ ಮಗ, ಜೈನರ ಹುಡುಗ, ಹಂಚಿಕಡ್ಡಿಯ ಹಾಗೆ ಸಪೂರ. ಅವನು ಓದುವುದನ್ನು ಯಾರೂ ಕಂಡವರಿಲ್ಲ. ನಾನು ಪಾಠವನ್ನು ಬಾಯಿಪಾಠ ಮಾಡಿಕೊಂಡು, ಬಚ್ಚಲಲ್ಲಿ ಕೂಡ ಹೇಳಿಕೊಂಡು ಬರುತ್ತಿದ್ದೆ. ಅವನು ಬೆಂಚಿನಲ್ಲಿ ಕಾಲು ಆಡಿಸುತ್ತ ಕುಳಿತು ಒಂದು ಪ್ರಶ್ನೆ ಕೇಳಿದರೆ ವಿಜ್ಞಾನದ ರಾಮಯ್ಯ ಮಾಸ್ಟರು ಸೀಮೆಸುಣ್ಣ ಕೆಳಗಿಟ್ಟು ಅವನ ಕಡೆ ತಿರುಗುತ್ತಿದ್ದರು. ನನ್ನ ಕಡೆ ಅವರು ಹಾಗೆ ಒಮ್ಮೆ ತಿರುಗಲಿ ಎಂದು ನಾನು ಆ ವರ್ಷ ಆಸೆಪಟ್ಟಷ್ಟು ಮತ್ತೆ ಯಾವುದಕ್ಕೂ ಆಸೆಪಟ್ಟದ್ದಿಲ್ಲ.

ಒಮ್ಮೆ ತಿರುಗಿದರು. ಡಿಸೆಂಬರಿನಲ್ಲಿ ನಡುಮಧ್ಯಾಹ್ನ ಸೂರ್ಯಗ್ರಹಣ ಬರಲಿಕ್ಕಿತ್ತು. ಅದಕ್ಕೆ ಮೊದಲು ಮಾಸ್ಟರು ಕ್ಲಾಸಿನಲ್ಲಿ, "ಯಾರ ಮನೆಯಲ್ಲೆಲ್ಲ ಗ್ರಹಣಕ್ಕೆ ಒನಕೆ ನಿಲ್ಲಿಸ್ತಾರೆ?" ಎಂದು ಕೇಳಿದರು. ತುಂಬ ಕೈಗಳು ಮೇಲೆ ಹೋದವು. ಹರಿವಾಣದಲ್ಲಿ ನೀರು ಹಾಕಿ, ನಡುವೆ ಒನಕೆ ಇಟ್ಟು ಕೈ ಬಿಡುವುದು. ಗ್ರಹಣ ಹಿಡಿದಿದ್ದರೆ ಅದು ಆಧಾರವಿಲ್ಲದೆ ತಾನೇ ನಿಲ್ಲುತ್ತದೆ. ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ವಿಷಯ.

ನಾನು ಎದ್ದು ನಿಂತೆ. "ಸರ್, ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಗ್ರಹಣದ ಸೆಳೆತಕ್ಕೆ ನಿಲ್ತದೆ. ನ್ಯೂಟನ್ನನ ನಿಯಮ ಸರ್."

ಮಾಸ್ಟರು ತಿರುಗಿದರು. ಹುಬ್ಬು ಮೇಲೆ ಹೋಯಿತು. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಪದ್ಮರಾಜ, "ಬೇರೆ ದಿನ ಯಾವತ್ತಾದರೂ ನಿಲ್ಲಿಸಿ ನೋಡಿದ್ದೀಯಾ ಅಜ್ಜ?" ಎಂದ.

ಕ್ಲಾಸು ನಕ್ಕಿತು. ಮಾಸ್ಟರು ನಗಲಿಲ್ಲ. ಜವಾನನನ್ನು ಕಳಿಸಿ ಶಾಲೆಯ ಹಿಂದಿನ ಮನೆಯಿಂದ ಒನಕೆ ತರಿಸಿದರು. ಮೇಜಿನ ಮುಂದೆ ಅದನ್ನು ನೆಟ್ಟಗೆ ಇಟ್ಟು, ಅತ್ತಿತ್ತ ಒಂದಿಷ್ಟು ತೂಗಿ, ಮೆಲ್ಲ ಕೈ ಬಿಟ್ಟರು. ಒನಕೆ ನಿಂತಿತು. ನೀರೂ ಇಲ್ಲ, ಹರಿವಾಣವೂ ಇಲ್ಲ.

"ಇವತ್ತು ಎಂಥ ಗ್ರಹಣ ಮಕ್ಕಳೇ?"

"ಇಲ್ಲ ಸರ್!"

"ಮತ್ತೆ ಇದಕ್ಕೆ ಯಾರು ಹೇಳಿದ್ದು ನಿಲ್ಲಲಿಕ್ಕೆ?"

ಅದರ ಬುಡಕ್ಕೆ ಹಾಕಿದ ಕಬ್ಬಿಣದ ಬಳೆ ಚಪ್ಪಟೆ, ಭಾರ ನೇರ ಕೆಳಗೆ ಬೀಳುತ್ತದೆ, ಆದ್ದರಿಂದ ತಾಳ್ಮೆಯಿಂದ ಇಟ್ಟರೆ ಯಾವ ದಿನವೂ ನಿಲ್ಲುತ್ತದೆ ಎಂದು ಮಾಸ್ಟರು ವಿವರಿಸಿದರು. ನನಗೆ ವಿವರಣೆ ಬೇಕಿರಲಿಲ್ಲ. ಗ್ರಹಣವಿಲ್ಲದ ದಿನ ಒನಕೆಯನ್ನು ಗೋಡೆಗೆ ಒರಗಿಸಿ ಇಡುವುದೇ ರೂಢಿ. ಯಾರೂ ನಡುಮನೆಯಲ್ಲಿ ನಿಲ್ಲಿಸಿ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಆ ಪ್ರಶ್ನೆ ಎಷ್ಟು ಸಣ್ಣದು! ನನ್ನ ತಲೆಗೆ ಯಾಕೆ ಬರಲಿಲ್ಲ? ಆ ದಿನ ಊಟಕ್ಕೆ ಕುಳಿತಾಗ ಅನ್ನ ಕಲಸುತ್ತ ಅಕ್ಕನಿಗೆ ಎಲ್ಲ ಹೇಳಿ ಅವನನ್ನು ಬೈದೆ. ದಿನವೂ ಬೈಯುತ್ತಿದ್ದೆ. ಅಕ್ಕ ಕೇಳುತ್ತಿದ್ದಳು. "ನಿನಗೆ ಅನ್ನ ಇಳೀಲಿಕ್ಕೆ ಸಾರು ಬೇಡ, ಆ ಹುಡುಗನ ಸುದ್ದಿ ಸಾಕು" ಎನ್ನುತ್ತಿದ್ದಳು.

ಗ್ರಹಣದ ದಿನ ಶಾಲೆಯ ಮೈದಾನದಲ್ಲಿ ಊರವರಿಗೆಲ್ಲ ತೋರಿಸುವ ಏರ್ಪಾಡಾಯಿತು. ಮಸಿ ಹಿಡಿಸಿದ ಗಾಜಿನ ತುಂಡುಗಳು. (ಹಾಗೆ ನೋಡುವುದೂ ಕಣ್ಣಿಗೆ ಕೇಡು ಎಂದು ಆಮೇಲೆ ತಿಳಿಯಿತು. ಯಾರೂ ಮಾಡಬೇಡಿ.) ಮಾವಿನ ಮರದ ಕೆಳಗೆ ಒಂದು ಮೇಜು. ಅಲ್ಲಿ ಇಬ್ಬರು ಹುಡುಗರು. ಒಬ್ಬ ಮರದ ನೆರಳಿನಿಂದ ಆಚೆ ಬಂದು ಗಾಜಿನಲ್ಲಿ ನೋಡಿ ಸೂರ್ಯ ಎಷ್ಟು ಕಚ್ಚಿ ಹೋಗಿದ್ದಾನೆ ಎಂದು ಹೇಳುವುದು, ಇನ್ನೊಬ್ಬ ಅದನ್ನು ಕಾಗದದ ಮೇಲೆ ಬರೆಯುವುದು. ನೋಡುವುದಕ್ಕೆ ಪದ್ಮರಾಜ. ಬರೆಯುವುದಕ್ಕೆ, ನನ್ನ ಕೈ ಚಿತ್ರಕ್ಕೆ ಒಳ್ಳೆಯದೆಂದು, ನಾನು.

ಅವನು ಹೇಳಿದ್ದನ್ನು ನಾನು ಬರೆಯುವುದು. ಆದರೂ ಖುಷಿಯಾಯಿತು. ಮಾಸ್ಟರು ಕೊಟ್ಟ ದಪ್ಪ ಬಿಳಿ ಕಾಗದವನ್ನು ಮನೆಗೆ ತಂದು ಸುಕ್ಕಾಗದ ಹಾಗೆ ಅಕ್ಕಿಯ ಪೆಟ್ಟಿಗೆಯ ಮೇಲೆ ಇಟ್ಟೆ.

ಅಕ್ಕ ಆಗ ಏಳು ತಿಂಗಳ ಬಸುರಿ. ಅದಕ್ಕೆ ಮೊದಲು ಒಮ್ಮೆ ಮಗು ನಿಲ್ಲದೆ ಹೋಗಿತ್ತು. ಗ್ರಹಣದ ದಿನ ಭಾವನಿಗೆ ಬಸ್ಸಿನ ಕೆಲಸಕ್ಕೆ ರಜೆ ಸಿಗಲಿಲ್ಲ. ಬೆಳಿಗ್ಗೆ ನಾನು ಕಾಗದ ಸುತ್ತಿಕೊಂಡು ಹೊರಟಾಗ ಅಕ್ಕ ಬಾಗಿಲಿಗೆ ಬಂದಳು.

"ಸೇಸ, ಹೋಗ್ಬೇಡ ಮಾರಾಯ. ನಂಗೆ ಹೆದರಿಕೆ ಆಗ್ತದೆ."

"ಮನೆಯಲ್ಲಿ ಅಮ್ಮ ಇದ್ದಾಳಲ್ಲ."

"ಅಮ್ಮನಿಗೆ ನನಗಿಂತ ಹೆಚ್ಚು ಹೆದರಿಕೆ."

ಅವಳು ಏನನ್ನಾದರೂ ನನ್ನಲ್ಲಿ ಕೇಳಿದ್ದು ಅದೇ ಮೊದಲು. ಕಾಗದವನ್ನು ತಿರುಗಿ ಪೆಟ್ಟಿಗೆಯ ಮೇಲೆ ಇಟ್ಟೆ. ಒಳ್ಳೆಯ ಮನಸ್ಸಿನಿಂದ ಇಟ್ಟೆ ಎಂದು ಬರೆದರೆ ಸುಳ್ಳು. ಮಾವಿನ ಮರದ ಕೆಳಗೆ ಅವನು, ಅವನ ಪಕ್ಕದಲ್ಲಿ ಮಾಸ್ಟರು, ಸುತ್ತ ಊರವರು, ಕಣ್ಣೆದುರೇ ಕಾಣುತ್ತಿತ್ತು.

ಅಮ್ಮ ಬಾಗಿಲಿಗೆ ಅಗುಳಿ ಹಾಕಿದಳು. ಕಿಟಕಿಗೆ ಗೋಣಿ ತುರುಕಿದಳು. ಉಪ್ಪಿನಕಾಯಿ ಭರಣಿ, ನೀರಿನ ಕೊಡ ಎಲ್ಲದರ ಮೇಲೆ ಗರಿಕೆ ಹುಲ್ಲು ಇಟ್ಟಳು. ಹರಿವಾಣದಲ್ಲಿ ಒನಕೆ ನಿಲ್ಲಿಸಿದಳು. ಅದು ನಿಂತಿತು. ನಾನು ಅದರ ಮುಖ ನೋಡಲಿಲ್ಲ. ಅಕ್ಕ ಚಾಪೆಯ ಮೇಲೆ, ಕಾಲು ಮಡಚದೆ, ಗೋಡೆಗೆ ದಿಂಬು ಕೊಟ್ಟು ಒರಗಿದಳು. ಕತ್ತಲೆ ಎಂದರೆ ಕತ್ತಲೆ. ಮಂಗಗಳು ಹಾರಿ ಹಾರಿ ಮಾಡಿನ ಹೆಂಚು ಅಲ್ಲಲ್ಲಿ ಒಡೆದಿದ್ದವು. ಆ ಸಂದುಗಳಿಂದ ನಾಲ್ಕಾರು ಬಿಸಿಲಕೋಲುಗಳು ಮಾತ್ರ ಓರೆಯಾಗಿ ಇಳಿದು ನೆಲದ ಮೇಲೆ, ಅಕ್ಕನ ಸೀರೆಯ ಮೇಲೆ ಬಿದ್ದಿದ್ದವು. ದಿನವೂ ಬೀಳುವಂಥವೇ. ಯಾರೂ ಗಮನಿಸುವಂಥದ್ದಲ್ಲ.

ಹೊರಗೆ ಹಕ್ಕಿಗಳ ಸದ್ದು ಕಡಿಮೆಯಾಯಿತು. ನಾನು ಗೋಡೆ ನೋಡಿಕೊಂಡು ಒಳಗೊಳಗೇ ಬೇಯುತ್ತಿದ್ದೆ.

"ಸೇಸ," ಎಂದಳು ಅಕ್ಕ. ದನಿ ಬದಲಾಗಿತ್ತು. "ನೆಲದಲ್ಲಿ ಅದೆಂತದು?"

ನೋಡಿದೆ. ದುಂಡಗಿದ್ದ ಬೆಳಕು ದುಂಡಗಿರಲಿಲ್ಲ. ಒಂದು ಕಡೆ ಕಚ್ಚಿ ಹೋಗಿತ್ತು. ಒಂದಲ್ಲ, ಎಲ್ಲವೂ. ನೆಲದ ಮೇಲೆ, ಅಕ್ಕಿಯ ಪೆಟ್ಟಿಗೆಯ ಮೇಲೆ, ಒನಕೆಯ ಮೈಮೇಲೆ, ಎಲ್ಲೆಲ್ಲೂ ಚೌತಿಯ ಚಂದ್ರನ ಹಾಗೆ ಕೊಂಬು ಬಂದ ಬೆಳಕು. ನೋಡನೋಡುತ್ತ ಅವು ಇನ್ನಷ್ಟು ಸಪೂರವಾದವು. ಒಂದು ಅಕ್ಕನ ಹೊಟ್ಟೆಯ ಮೇಲೆ ನೇರ ಕುಳಿತಿತ್ತು.

"ಬಾಗಿಲು ಹಾಕಿದ್ರೂ ಬಂತಲ್ಲ ಅಮ್ಮ!" ಎಂದು ಅಕ್ಕ ಕೂಗಿದಳು. ಅಮ್ಮ ಓಡಿ ಬಂದು ಕಂಬಳಿ ಎಳೆದು ಅವಳ ಮೇಲೆ ಹೊದಿಸಿದಳು. ಬೆಳಕು ಕಂಬಳಿಯ ಮೇಲೆ ಕುಳಿತಿತು.

ನನಗೆ ಆ ಗಳಿಗೆಯಲ್ಲಿ ಹೆದರಿಕೆ ಬರಲಿಲ್ಲ. ಬಂದದ್ದು ಬೇರೆ. ಇದು ಪದ್ಮರಾಜನಿಗೆ ಇಲ್ಲ! ಎಂದು ಎದೆ ಹೊಡೆದುಕೊಂಡಿತು. ಪೆಟ್ಟಿಗೆಯ ಮೇಲಿನ ಬಿಳಿ ಕಾಗದ ತೆಗೆದು ಒಂದು ಬಿಸಿಲಕೋಲಿಗೆ ಎದುರಾಗಿ ಹಿಡಿದೆ. ದೋಣಿಯ ಹಾಗೆ, ಎರಡೂ ಕೊಂಬು ಮೇಲೆ ಮಾಡಿದ ಸೂರ್ಯ ಕಾಗದದ ಮೇಲೆ ಬಂದು ನಿಂತ. ಪೆನ್ಸಿಲಿನಿಂದ ಅದರ ಅಂಚು ಬರೆದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಮತ್ತೊಂದು. ಸೂರ್ಯ ತಿರುಗಿ ತುಂಬುವವರೆಗೂ ಬರೆದೆ. ಹಿಂದೆ ಅಕ್ಕ ಅಳುತ್ತಿದ್ದದ್ದು ಕಿವಿಗೆ ಬಿದ್ದರೂ ಮನಸ್ಸಿಗೆ ಬಿದ್ದದ್ದು ಆಮೇಲೆ.

ಗ್ರಹಣ ಬಿಟ್ಟ ಮೇಲೂ ಒನಕೆ ನಿಂತೇ ಇತ್ತು. "ಇನ್ನೂ ಒಂಚೂರು ಉಂಟೋ ಏನೋ" ಎಂದು ಅಮ್ಮ ಕಾದಳು. ಕಡೆಗೆ ಅವಳೇ ಅದನ್ನು ಎತ್ತಿ ಗೋಡೆಗೆ ಒರಗಿಸಿದಳು.

ಅಂದಿನಿಂದ ಅಕ್ಕ ಸರಿಯಾಗಿ ಊಟ ಮಾಡಲಿಲ್ಲ. ಬಸರಿಯ ಮೇಲೆ ಗ್ರಹಣ ತಾಗಿದರೆ ಮಗುವಿನ ತುಟಿ ಸೀಳುತ್ತದೆ ಎಂದು ಆಗ ಎಲ್ಲರ ನಂಬಿಕೆ. ಪೇಟೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ನಡೆಯುವ ಒಬ್ಬಳು ಹುಡುಗಿ ಇದ್ದಳು. ಅವಳ ತಾಯಿ ಗ್ರಹಣದಲ್ಲಿ ನೀರಿಗೆ ಹೋಗಿದ್ದಳಂತೆ ಎಂದು ಹೇಳುತ್ತಿದ್ದರು. ಅಕ್ಕ ಬೀಡಿ ಸುತ್ತುತ್ತ ಸುತ್ತುತ್ತ ಕೈ ನಿಲ್ಲಿಸಿ, ತೋರುಬೆರಳಿನಿಂದ ತನ್ನ ಮೇಲ್ದುಟಿಯನ್ನು ನಡುವಿನಲ್ಲಿ ಸವರಿಕೊಳ್ಳುತ್ತಿದ್ದಳು. ಅವಳಿಗೇ ಗೊತ್ತಿಲ್ಲದೆ ಬೆರಳು ಅಲ್ಲಿಗೆ ಹೋಗುತ್ತಿತ್ತು. ತಟ್ಟೆಯಲ್ಲಿ ಗಂಜಿ ತಣ್ಣಗಾಗುತ್ತಿತ್ತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಹೀಗೆ ಉಪವಾಸ ಕೂತ್ರೆ ಈ ಮಗುವೂ ನಿಲ್ಲಲಿಕ್ಕಿಲ್ಲ, ನೋಡು" ಎಂದು ಅಮ್ಮನಿಗೆ ಬೈದು ಹೋದಳು.

ನಾನು ಪದ್ಮರಾಜನ ವಿದ್ಯೆಯನ್ನೇ ಹಿಡಿದೆ. ಬೇರೆ ದಿನ ನೋಡಬೇಕು! ಮಧ್ಯಾಹ್ನ ಬಾಗಿಲು, ಕಿಟಕಿ ಮುಚ್ಚಿ ಅಕ್ಕನನ್ನು ಅಲ್ಲೇ ಕೂರಿಸಿದೆ. ಬೆಳಕೆಲ್ಲ ದುಂಡಗೆ ಇತ್ತು. ನೆಲದ ಮೇಲೆ ಓರೆಯಾಗಿ ಬಿದ್ದದ್ದರಿಂದ ಕೋಳಿಮೊಟ್ಟೆಯ ಹಾಗೆ ಒಂಚೂರು ಉದ್ದ, ಅಷ್ಟೇ.

"ನೋಡು ಅಕ್ಕ, ಏನೂ ಇಲ್ಲ. ಬರೀ ಬಿಸಿಲು."

"ಇವತ್ತು ಗ್ರಹಣ ಇಲ್ವಲ್ಲ. ಅದಕ್ಕೇ ದುಂಡು." ಅವಳ ಬೆರಳು ತುಟಿಗೆ ಹೋಯಿತು. "ಅವತ್ತು ಬಂದದ್ದು ಗ್ರಹಣವೇ ಅಂತ ನೀನೇ ತೋರಿಸಿಕೊಟ್ಟೆ."

ಮೇಲೆ ನೋಡಿದೆ. ಹೆಂಚಿನ ಸಂದು ಒಂದೂ ದುಂಡಗಿಲ್ಲ. ಒಂದು ಮೂಲೆಮೂಲೆಯಾಗಿ ಒಡೆದದ್ದು, ಒಂದು ಉದ್ದಕ್ಕೆ ಬಿರುಕು. ಮತ್ತೆ ಬೆಳಕು ಮಾತ್ರ ದುಂಡಗೆ ಯಾಕೆ ಬೀಳುತ್ತದೆ? ಇಷ್ಟು ವರ್ಷ ಆ ಬೆಳಕಿನ ಪಕ್ಕದಲ್ಲೇ ಉಂಡು ಮಲಗಿದವನಿಗೆ ಈ ಪ್ರಶ್ನೆ ಆವತ್ತು ಮೊದಲು ಬಂತು. ಬಂದದ್ದು ಒಳ್ಳೆಯದೇ, ಆದರೆ ಉತ್ತರ ಬರಲಿಲ್ಲ. ಗ್ರಹಣದ ಮೇಲೆ ನಾನು ಶಾಲೆಗೆ ಹೋಗಿರಲಿಲ್ಲ, ಅಷ್ಟರಲ್ಲಿ ಕ್ರಿಸ್ಮಸ್ ರಜೆಯೂ ಬಂದಿತ್ತು. ರಾಮಯ್ಯ ಮಾಸ್ಟರು ಕುಂದಾಪುರದ ಕಡೆ ತಮ್ಮ ಊರಿಗೆ ಹೋಗಿದ್ದರು. ಊರಲ್ಲಿ ಉಳಿದವನು ಒಬ್ಬನೇ.

ಅಂಗಡಿಯಲ್ಲಿ ಅವನು ಬಿಳಿ ಹಾಸಿನ ಮೇಲೆ ಕುಳಿತು ಗಜಕೋಲಿನಿಂದ ಮಲ್ಲು ಬಟ್ಟೆ ಅಳೆಯುತ್ತಿದ್ದ.

"ಏನು ಅಜ್ಜ! ಅವತ್ತು ಬರ್ಲೇ ಇಲ್ಲ? ನೋಡುದೂ ನಾನೇ, ಬರೆಯುದೂ ನಾನೇ ಆಯ್ತು. ಮಾಸ್ಟ್ರು ಆ ಚಿತ್ರ ಗೋಡೆಗೆ ಅಂಟಿಸಿದ್ದಾರೆ, ನೋಡಿದೆಯಾ?"

ನನ್ನ ಚಿತ್ರದ ಜಾಗದಲ್ಲಿ ಅವನ ಚಿತ್ರ. ಅಲ್ಲಿಂದಲೇ ತಿರುಗಿ ಹೋಗುವ ಅನ್ನಿಸಿತು. "ಅಕ್ಕ ಊಟ ಮಾಡುದಿಲ್ಲ," ಎಂದೆ. ಎಲ್ಲ ಹೇಳಿದೆ. ಕಾಗದ ಬಿಡಿಸಿ ಮುಂದೆ ಇಟ್ಟೆ.

ಅವನು ನಗಲಿಲ್ಲ. ಕಾಗದದ ಮೇಲೆ ಬಾಗಿದ.

"ಕೊಂಬು ಮೇಲೆ ಉಂಟು. ಕಾಗದ ಉಲ್ಟಾ ಹಿಡಿದಿದ್ದೆಯಾ?"

"ಅಷ್ಟು ಬುದ್ಧಿ ನನಗುಂಟು ಮಾರಾಯ."

"ಕೋಪ ಯಾಕೆ? ನಾನು ಗಾಜಿನಲ್ಲಿ ಕಂಡದ್ದು ಕೊಂಬು ಕೆಳಗೆ."

ಆಮೇಲೆ ಅವನು ಕಾಗದವನ್ನೇ ನೋಡುತ್ತ ಕುಳಿತ. ಗಿರಾಕಿಯೊಬ್ಬರು ರವಿಕೆ ಬಟ್ಟೆ ಕೇಳಿದರು, ಅವನಿಗೆ ಕೇಳಿಸಲಿಲ್ಲ. ಒಳಗಿನಿಂದ ಅವನ ತಂದೆ ಗದರಿದರು, ಅದೂ ಕೇಳಿಸಲಿಲ್ಲ. ಒಬ್ಬ ಮನುಷ್ಯ ಯೋಚಿಸುವುದನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ನಾನು ನೆನಪು ಮಾಡಿಕೊಳ್ಳುವವನು. ಅವನು ಹುಡುಕುತ್ತಿದ್ದ. ಅವನ ಅಂಗಡಿ, ಅವನ ಮನೆ, ಅವನ ಮಾರ್ಕು ಎಲ್ಲ ಅವನೇ ಇಟ್ಟುಕೊಳ್ಳಲಿ, ಆ ಒಂದು ನಿಮಿಷ ನನ್ನದಾಗಬಾರದಿತ್ತೇ ಎನ್ನಿಸಿತು.

ಅವನು ಗಜಕೋಲನ್ನು ನಡುವಿನಲ್ಲಿ ಮುಷ್ಟಿಯಿಂದ ಹಿಡಿದ. ಮೇಲಿನ ತುದಿಯನ್ನು ಬಗ್ಗಿಸಿದ, ಕೆಳಗಿನ ತುದಿ ಎದ್ದಿತು.

"ನನ್ನ ಮುಷ್ಟಿಯೇ ಹೆಂಚಿನ ಸಂದು, ಈ ಕೋಲು ಬೆಳಕು. ಸೂರ್ಯನ ಮೇಲಿನ ತುದಿಯಿಂದ ಬಂದದ್ದು ಸಂದು ದಾಟಿ ಕೆಳಗೆ ಹೋಗ್ತದೆ. ಕೆಳಗಿನಿಂದ ಬಂದದ್ದು ಮೇಲೆ. ಅದಕ್ಕೇ ತಲೆಕೆಳಗು! ನೆಲದಲ್ಲಿ ಬೀಳುದು ಸಂದಿನ ಆಕಾರ ಅಲ್ಲ ಅಜ್ಜ. ಸೂರ್ಯನ ಚಿತ್ರ. ದಿನಾ ಬೀಳುದು ಸೂರ್ಯನ ಚಿತ್ರವೇ!"

ಮತ್ತೆ ಅವನ ಮುಖ ಸಣ್ಣದಾಯಿತು. "ನಾವು ಮೇಜು ಇಟ್ಟದ್ದು ಮಾವಿನ ಮರದ ಕೆಳಗೆ. ಎಲೆಯ ಸಂದಿನಿಂದ ಎಷ್ಟು ಬಿದ್ದಿರಬಹುದು! ನನ್ನ ಕಾಗದದ ಮೇಲೆಯೇ ಬಿದ್ದಿರಬಹುದು. ಎಲ್ಲರೂ ಆಕಾಶ ನೋಡಿದೆವು ಮಾರಾಯ. ಒಬ್ಬನೂ ಕೆಳಗೆ ನೋಡಲಿಲ್ಲ. ನೀನು ಕಂಡೆ."

ಆ ಮುಖ ನನಗೆ ಗುರುತಿತ್ತು. ದಿನಾ ಅದನ್ನು ಒಳಗಿನಿಂದ ಹೊತ್ತುಕೊಂಡು ತಿರುಗುವವನಲ್ಲವೇ ನಾನು? ಒಂದು ಗಳಿಗೆ ತಂಪಾಯಿತು.

"ಟಾರ್ಚು ಹಾಕಿ ಮಾಡಿ ತೋರಿಸಬಹುದು. ನಾನು ಬರ್ಲಾ?" ಎಂದ.

"ಬೇಡ. ನನಗೆ ಹೇಳಿಕೊಡು, ನಾನೇ ತೋರಿಸ್ತೇನೆ."

ಹೇಳಿಕೊಟ್ಟ. ಟಾರ್ಚು, ತೂತು ಮಾಡುವ ತಗಡು ಎಲ್ಲ ಕೈಯಲ್ಲಿ ಕೊಟ್ಟ. ನಾನು ಹೊರಟೆ. ಪೇಟೆ ದಾಟುವವರೆಗೆ ನಾನೇ ಅಕ್ಕನೆದುರು ವಿವರಿಸುವುದು, ಅವಳು ನನ್ನನ್ನೇ ನೋಡುವುದು, ಎಲ್ಲ ಚಂದ ಕಾಣುತ್ತಿತ್ತು. ಪೇಟೆ ದಾಟಿದ ಮೇಲೆ ಅವಳ ಬೆರಳು ಕಂಡಿತು. ನಾನು ಹೇಳಿದ್ದನ್ನು ಅವಳು ಒಮ್ಮೆ ಕೇಳಿ ಆಗಿತ್ತು. ಎರಡನೇ ಸಲ ತಪ್ಪಿದರೆ ಮೂರನೇ ಸಲಕ್ಕೆ ಅವಳಲ್ಲಿ ಶಕ್ತಿ ಇರಲಿಲ್ಲ. ಬೇಲಿಯ ಪಕ್ಕ ನಿಂತೆ. ತಿರುಗಿ ಅಂಗಡಿಗೆ ಹೋಗಿ ಟಾರ್ಚನ್ನು ಅವನ ಮುಂದೆ ಇಟ್ಟೆ.

"ನೀನೇ ಬಾ," ಎಂದೆ. ಆ ಎರಡು ಮಾತು ಹೊರಡಿಸಲು ಎಷ್ಟು ಕಷ್ಟವಾಯಿತೆಂದು ಈಗಲೂ ನೆನಪುಂಟು.

ಮರುದಿನ ಮಧ್ಯಾಹ್ನ ಬಂದ. ಮನೆಯನ್ನು ಗ್ರಹಣದ ದಿನದ ಹಾಗೆಯೇ ಮುಚ್ಚಿ, ಹೆಂಚಿನ ಸಂದುಗಳಿಗೂ ಬಟ್ಟೆ ತುರುಕಿದೆವು. ಟಾರ್ಚಿನ ಗಾಜಿಗೆ ತೆಳು ಕಾಗದ ಅಂಟಿಸಿದ್ದ. ಅದು ಸೂರ್ಯ. ನಾನು ಅದನ್ನು ಒಂದು ಮೂಲೆಯಲ್ಲಿ ಹಿಡಿದು ನಿಂತೆ. ನಡುವೆ ಅವನು ತಗಡು ಹಿಡಿದ. ಅದರಲ್ಲಿ ಮೊಳೆಯಿಂದ ಮಾಡಿದ ಸಣ್ಣ ಸಣ್ಣ ತೂತು. ಮೂರು ಮೂಲೆಯದು, ಚೌಕದ್ದು, ಅಂಕುಡೊಂಕಿನದು. ಎದುರಿನ ಗೋಡೆಯ ಮೇಲೆ ಬಿದ್ದ ಬೆಳಕು ಮಾತ್ರ ಎಲ್ಲ ದುಂಡಗೆ!

ಅಮ್ಮ "ಅಯ್ಯೋ ದೇವರೇ" ಎಂದಳು.

"ಅಕ್ಕ, ಇಲ್ಲಿ ಬನ್ನಿ," ಎಂದು ಅವನು ನಮ್ಮ ಅಡಿಕೆ ಡಬ್ಬಿಯ ಮುಚ್ಚಳವನ್ನು ಅವಳ ಕೈಗೆ ಕೊಟ್ಟ. "ಇದು ಚಂದ್ರ. ಇದನ್ನು ಟಾರ್ಚಿನ ಮುಂದೆ ಮೆಲ್ಲ ತನ್ನಿ. ಗ್ರಹಣ ನೀವೇ ಮಾಡಿ."

ಅಕ್ಕ ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಅವಳು ಮುಚ್ಚಳವನ್ನು ಮೆಲ್ಲ ಸರಿಸಿದಳು. ಗೋಡೆಯ ಮೇಲಿನ ಎಲ್ಲ ಬೆಳಕಿಗೂ ಒಟ್ಟಿಗೆ ಕೊಂಬು ಮೂಡಿತು. ಅವಳು ಕೈ ಹಿಂದೆ ತೆಗೆದಳು. ತಿರುಗಿ ದುಂಡಗಾಯಿತು. ಇನ್ನೊಮ್ಮೆ ತಂದಳು. ಇನ್ನೊಮ್ಮೆ ತೆಗೆದಳು.

"ನೋಡಿದ್ರಾ? ಅವತ್ತು ನಿಮ್ಮ ಮೇಲೆ ಬಿದ್ದದ್ದು ಗ್ರಹಣ ಅಲ್ಲ ಅಕ್ಕ," ಎಂದ ಅವನು. "ಗ್ರಹಣ ಮುಚ್ಚಿ ಉಳಿದ ಬಿಸಿಲು. ದಿನಾ ಬೀಳುವ ಬಿಸಿಲೇ, ಅವತ್ತು ಒಂಚೂರು ಕಡಿಮೆ ಬಿತ್ತು."

ಉಳಿದ ಬಿಸಿಲು! ಅಷ್ಟು ಸರಳವಾದ ಮಾತು ನನ್ನ ಅಕ್ಕನಿಗೆ ಹೇಳಲು ನನಗೆ ಸಿಗಲಿಲ್ಲ. ಹದಿನೈದು ವರ್ಷದ ಹುಡುಗನಿಗೆ ಸಿಕ್ಕಿತು.

ಅಷ್ಟಕ್ಕೇ ಬಿಡಲಿಲ್ಲ ಅವನು. ತಗಡನ್ನು ಅಮ್ಮನ ಕೈಗೆ ಕೊಟ್ಟು, ಗೋಡೆಗೆ ಬೆನ್ನು ಕೊಟ್ಟು ನಿಂತು ಅಂಗಿ ಮೇಲೆತ್ತಿದ. ಅಕ್ಕ ಮುಚ್ಚಳ ಅಡ್ಡ ತಂದಾಗ ಕೊಂಬಿನ ಬೆಳಕೆಲ್ಲ ಅವನ ಬಡಕಲು ಹೊಟ್ಟೆಯ ಮೇಲೆ ಬಿತ್ತು.

"ನೋಡಿ, ನನಗೂ ತಾಗಿತು. ಈಗ ನಾನು ತಿಂದ ನೀರುದೋಸೆಗೆ ತುಟಿ ಸೀಳ್ತದಾ ಅಕ್ಕ?"

ಅಕ್ಕ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಅಮ್ಮ ನಕ್ಕು ನಕ್ಕು ತಗಡು ಬೀಳಿಸಿದಳು. ಅಕ್ಕನ ಬೆರಳು ಮತ್ತೆ ತುಟಿಗೆ ಹೋಗಲಿಲ್ಲ. ಆ ಸಂಜೆ ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ನನಗೆ ಮಾತ್ರ ಊಟ ಸೇರಲಿಲ್ಲ. ಅವಳು ಉಳಿದಳಲ್ಲ ಎಂಬ ಸಮಾಧಾನ ಒಂದು ಕಡೆ. ಆ ನಗು ಅವನಿಗೆ ಹೋಯಿತಲ್ಲ ಎಂಬುದು ಇನ್ನೊಂದು ಕಡೆ.

ಚಳಿ ಮುಗಿಯುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಸೂಲಗಿತ್ತಿ ಹೊರಗೆ ಬಂದು ಬೇರೇನೂ ಹೇಳದೆ, "ತುಟಿ ಸರಿ ಉಂಟು" ಎಂದಳು. ನಮ್ಮಲ್ಲಿ ಹೆಸರು ಹೇಳುವ ಹಕ್ಕು ಸೋದರಮಾವನದ್ದು. ನಾನು ಎರಡು ಹೆಸರು ಆರಿಸಿ ಇಟ್ಟಿದ್ದೆ. ಅಕ್ಕ ತೊಟ್ಟಿಲ ಪಕ್ಕದಿಂದ, "ಪದ್ಮ ಅಂತ ಇಡುವ ಸೇಸ" ಎಂದಳು. ಮಗುವಿನ ಕಿವಿಯಲ್ಲಿ ಅವನ ಅರ್ಧ ಹೆಸರನ್ನು ನಾನೇ ಹೇಳಬೇಕಾಯಿತು.

ಮುಂದಿನ ವರ್ಷ ಇಬ್ಬರೂ ಎಸ್ಸೆಸ್ಸೆಲ್ಸಿ ಪಾಸಾದೆವು. ಅವನ ತಂದೆಗೆ ಕಾಯಿಲೆಯಾಗಿ ಅವನು ಅಂಗಡಿಯಲ್ಲೇ ಕುಳಿತ. ನಾನು ಟೈಪು ಕಲಿತು ಬೆಳ್ತಂಗಡಿಗೆ ಹೋದೆ. ಅವನು ಮುಂದೆ ಓದಲಿಲ್ಲ ಎಂದು ನನ್ನ ಕಿಚ್ಚು ಆರಬೇಕಿತ್ತು. ಆರಲಿಲ್ಲ. ಅವನು ಗಜಕೋಲು ಹಿಡಿದೇ ಊರಿನ ಮಕ್ಕಳಿಗೆ ಭೂಮಿ, ಚಂದ್ರ ಎಲ್ಲ ತೋರಿಸುತ್ತಾನೆ. ನಾನು ಬೇರೆಯವರು ಬರೆದದ್ದನ್ನು ಟೈಪು ಮಾಡುತ್ತೇನೆ.

ಇಷ್ಟೆಲ್ಲ ಆ ಆಟಿಯ ಬಿಸಿಲಿನಲ್ಲಿ ಒಮ್ಮೆಗೇ ಬಂದು ಹೋಯಿತು. ಪದ್ಮ ಒಳಗೆ ಚಾ ಮಾಡಲು ಹೋಗಿದ್ದಳು. ಅಕ್ಕ ಹೆಬ್ಬೆರಳಿನಿಂದ ಬೆಳಕನ್ನು ಸವರುತ್ತ, "ಪೇಪರು ಚೀಲದಲ್ಲೇ ಉಳೀತಾ?" ಎಂದಳು.

"ಅವ ಮೊದಲೇ ಹೇಳಿ ಆಗಿದೆಯಲ್ಲ."

"ಇನ್ನೂ ಬಿಡ್ಲಿಲ್ವಾ ನೀನು?"

"ನಿನ್ನನ್ನು ಉಳಿಸಿದ್ದೂ ಅವನೇ ಅಲ್ವಾ?"

ಅಕ್ಕ ಬೀಡಿ ಸುತ್ತುವ ಮೊರವನ್ನು ಮಡಿಲಿನಿಂದ ಕೆಳಗಿಟ್ಟಳು. "ಅವತ್ತು ಅವ ಹೇಳಿದ್ದು ನನಗೆ ಒಂದೂ ತಲೆಗೆ ಹೋಗ್ಲಿಲ್ಲ ಮಾರಾಯ. ಟಾರ್ಚು, ತಗಡು, ಎಂತದೋ. ಪೇಟೆಯ ಮಕ್ಕಳು ಹಾಗೆ ಆಟ ಆಡ್ತಾವೆ."

"ಮತ್ತೆ ಹೇಗೆ ನಂಬಿದೆ?"

"ನಿನ್ನನ್ನು ನೋಡಿ. ದಿನಾ ಊಟಕ್ಕೆ ಕೂತ್ರೆ ಅವನನ್ನು ಬೈಯುದೇ ನಿನ್ನ ಕೆಲಸ. ಅವನ ಹೆಸರು ಹೇಳಿದ್ರೆ ಮುಖ ಸುಟ್ಟ ಗೇರುಬೀಜ ಆಗ್ತಿತ್ತು. ಅಂಥವ ನೀನು ಅವನನ್ನು ಕರ್ಕೊಂಡು ನನ್ನ ಹೊಸ್ತಿಲಿಗೆ ಬಂದೆ. ಟಾರ್ಚು ಹಿಡ್ಕೊಂಡು ಮೂಲೆಯಲ್ಲಿ ನಿಂತೆ. ವಿಷಯ ನಿಜ ಅಲ್ಲದಿದ್ರೆ ನೀನು ಅವನನ್ನು ಒಳಗೆ ಬಿಡ್ತಿದ್ದೆಯಾ? ಅಷ್ಟು ಸಾಕಿತ್ತು ನನಗೆ."

ನೆಲದ ಬೆಳಕನ್ನು ನೋಡುತ್ತ ಕೇಳಿದೆ. "ಮತ್ತೆ ನಕ್ಕದ್ದು?"

"ಅದು ಅವನ ಹೊಟ್ಟೆ ನೋಡಿ," ಎಂದಳು ಅಕ್ಕ. "ಅದು ಅವನದ್ದೇ. ನಿನಗೆ ಕೊಡ್ಲಿಕ್ಕೆ ಬರುದಿಲ್ಲ."

ಪದ್ಮ ಚಾ ತಂದಳು. ನಾನು ಪೇಪರು ಹೊರಗೆ ತೆಗೆದೆ. ಅವಳು ಅದನ್ನು ನೆಲದ ಮೇಲೆ ಬಿಡಿಸಿ ಆ ಮಸುಕು ಚಿತ್ರವನ್ನು ತುಂಬ ಹೊತ್ತು ನೋಡಿದಳು. ಮತ್ತೆ ತಲೆ ಎತ್ತಿದಳು.

"ಮಾವ, ನಮಗೆ ಇಲ್ಲಿ ಸೂರ್ಯಗ್ರಹಣ ಆಗುವಾಗ ಅಲ್ಲಿ ಚಂದ್ರನಲ್ಲಿ ನಿಂತವನಿಗೆ ಎಂಥ ಕಾಣ್ತದೆ?"

ನನಗೆ ಗೊತ್ತಿರಲಿಲ್ಲ. ಬರುವ ಭಾನುವಾರ ಓದಿಕೊಂಡು ಬಂದು ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಅವಳ ಕಣ್ಣು ಭಾನುವಾರದವರೆಗೆ ಕಾಯುವಂತೆ ಇರಲಿಲ್ಲ. ಅಕ್ಕ ನನ್ನನ್ನು ನೋಡಿದಳು, ಬೀಡಿ ಎಲೆಯ ಕಡೆ ಮುಖ ತಗ್ಗಿಸಿದಳು.

ಕೊಡೆ ತೆಗೆದುಕೊಂಡೆ. "ಬಾ," ಎಂದೆ. "ಅಂಗಡಿ ತೆರೆದಿರಬಹುದು. ಕೇಳಿ ಬರುವ."

ಪದ್ಮ ಮುಂದೆ ಮುಂದೆ ಓಡುತ್ತಿದ್ದಳು. ನಾನು ಕೆಸರಿನ ನೆಪ ಹೇಳಿ ನಿಧಾನ ನಡೆದೆ. ಪೇಟೆ ಮುಟ್ಟುವ ಮೊದಲು ಉತ್ತರ ನನಗೇ ಹೊಳೆದರೂ ಹೊಳೆಯಬಹುದಲ್ಲ.